ಡೈರಿ ಬರೆದಷ್ಟೂ ಜಗಳ ಜಾಸ್ತಿಯಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನಗೆ 41 ವರ್ಷ. ಹೈಸ್ಕೂಲಿನಲ್ಲಿ ಶಿಕ್ಷಕಿ. ಯಜಮಾನರದು ಬೀಜ-ಗೊಬ್ಬರದ ಅಂಗಡಿ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮಗ ಪಿಯುಸಿ. ದಿನಾ ರಾತ್ರಿ ಮನಸ್ಸಿನಲ್ಲಿರುವುದನ್ನೆಲ್ಲ ಬರೆದರೆ ಮನಸ್ಸು ಶಾಂತವಾಗುತ್ತದೆ, ಮನೆಯಲ್ಲಿ ಜಗಳ ತಾನಾಗಿಯೇ ನಿಲ್ಲುತ್ತದೆ ಎಂದು ಒಂದು ತರಬೇತಿಯಲ್ಲಿ ಹೇಳಿದರು. ಕಳೆದ ದೀಪಾವಳಿಯಿಂದ ಒಂದು ದಿನವೂ ತಪ್ಪಿಸದೆ ಬರೆದಿದ್ದೇನೆ. 200 ಪುಟದ ಎರಡು ನೋಟ್‌ಬುಕ್ ತುಂಬಿವೆ. ಆದರೆ ಆಗಿದ್ದೆಲ್ಲ ಉಲ್ಟಾ. ಬರೆದು ಮಲಗಿದರೆ ನಿದ್ದೆ ಬರುವುದಿಲ್ಲ. ಮಾತಿಗೆ ಮಾತು ಬೆಳೆದರೆ "ಸಂಕ್ರಾಂತಿ ದಿನಾನೂ ನೀವು ಹಿಂಗ ಅಂದಿದ್ರಿ" ಎಂದು ದಿನ ಹಿಡಿದು ಹೇಳುತ್ತೇನೆ. ನಾದಿನಿ ಮನೆಯ ಗೃಹಪ್ರವೇಶದಲ್ಲಿ ಅತ್ತೆ ಎಲ್ಲರ ಎದುರು "ನಮ್ಮ ಟೀಚರಮ್ಮಗ ಅಡಗಿಮನಿ ಎಲ್ಲಿ ನೆನಪಿರ್ತೈತಿ" ಅಂದರು. ಇವರು ನಕ್ಕರು. ಅದೊಂದನ್ನೇ ಎಷ್ಟು ಸಲ ಬರೆದಿದ್ದೇನೋ ನನಗೇ ಗೊತ್ತಿಲ್ಲ. ಹೋದ ವಾರ ಯಜಮಾನರು ನೋಟ್‌ಬುಕ್ ತೆಗೆದು ಓದಿದ್ದಾರೆ. "ನನ್ನ ಮ್ಯಾಲೆ ಕೇಸ್ ಹಾಕಾಕ ಬರ್ಯಾಕತ್ತೀಯೇನು?" ಎಂದವರು ಆಮೇಲೆ ಸರಿಯಾಗಿ ಮಾತೇ ಆಡಿಲ್ಲ. ಎಲ್ಲರಿಗೂ ಒಳ್ಳೆಯದಾಗುವ ಅಭ್ಯಾಸ ನನಗೆ ಮಾತ್ರ ಯಾಕೆ ಆಗಿಬರಲಿಲ್ಲ? ನನ್ನಲ್ಲೇ ಏನಾದರೂ ದೋಷವಿದೆಯಾ? ಈ ನೋಟ್‌ಬುಕ್‌ಗಳನ್ನು ಸುಟ್ಟುಬಿಡಲಾ? ಜಗಳವೇ ಇಲ್ಲದ ಮನೆ ಸಾಧ್ಯವಿಲ್ಲವಾ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ:

ನಿಮ್ಮಲ್ಲಿ ದೋಷವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಅನುಮಾನವೇ ನಿಮ್ಮ ಅರ್ಧ ನಿದ್ದೆ ಕೆಡಿಸುತ್ತಿರಬಹುದು. ನಿಮಗೆ ಹೇಳಿಕೊಟ್ಟ ವಿಧಾನ ಅರ್ಧಂಬರ್ಧವಾಗಿತ್ತು. ನೀವು ಅದನ್ನು ತುಂಬಾ ಶ್ರದ್ಧೆಯಿಂದ, ಒಂದು ದಿನವೂ ಬಿಡದೆ ಮಾಡಿದಿರಿ. ಹಾಗಾಗಿ ಅದರ ಪೆಟ್ಟೂ ನಿಮಗೇ ಜೋರಾಗಿ ಬಿತ್ತು. ಆಪ್ತಸಮಾಲೋಚನೆಗೆ ಬರುವವರಲ್ಲಿ ಇಂಥವರನ್ನು ನಾನು ಆಗಾಗ ನೋಡುತ್ತೇನೆ. ಬರೆಯೋದು ಒಳ್ಳೆಯದು ಎಂದು ಕೇಳಿರುತ್ತಾರೆ. ಹೇಗೆ ಬರೆಯಬೇಕು, ಎಷ್ಟು ಬರೆಯಬೇಕು, ಯಾವಾಗ ನಿಲ್ಲಿಸಬೇಕು ಎಂದು ಯಾರೂ ಹೇಳಿರುವುದಿಲ್ಲ.

ಈ ಸಲಹೆಯ ಮೂಲ ನೋಡೋಣ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ತಮ್ಮ ಬದುಕಿನ ನೋವಿನ ಘಟನೆಯೊಂದನ್ನು ಬರೆಯಬೇಕಿತ್ತು. ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ. ಅಷ್ಟೇ. ಕೆಲವರಿಗೆ ಬರೀ ಭಾವನೆ ಬರೆಯಲು ಹೇಳಿದ್ದರು, ಕೆಲವರಿಗೆ ಬರೀ ನಡೆದ ಸಂಗತಿ, ಇನ್ನು ಕೆಲವರಿಗೆ ಎರಡನ್ನೂ ಸೇರಿಸಿ. ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಕಡಿಮೆ ಸಲ ಹೋದವರು ಎರಡನ್ನೂ ಸೇರಿಸಿ ಬರೆದವರು. ಬರೀ ಭಾವನೆ ಹೊರಹಾಕಿದವರಿಗೆ ಆ ಲಾಭ ಸಿಗಲಿಲ್ಲ. ಇನ್ನೊಂದು ವಿಷಯವೂ ಅಲ್ಲಿ ಕಂಡಿತು. ಬರೆದ ತಕ್ಷಣ ಅವರ ಮನಸ್ಸು ಹಗುರಾಗಲಿಲ್ಲ, ಮೊದಲಿಗಿಂತ ಭಾರವಾಯಿತು. ರಾತ್ರಿ ಬರೆದು ಮುಚ್ಚಿಟ್ಟು ಮಲಗುವ ನಿಮಗೆ ನಿದ್ದೆ ಬಾರದಿರುವುದಕ್ಕೆ ಒಂದು ಕಾರಣ ಇಲ್ಲೇ ಇದೆ.

ಆಮೇಲೆ ಇಂಥ ಅಧ್ಯಯನಗಳು ನೂರಾರು ನಡೆದವು. ಅವುಗಳಲ್ಲಿ 146ನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆ 2006ರಲ್ಲಿ ಬಂತು. ಬರವಣಿಗೆಯಿಂದ ಉಪಯೋಗ ಇದೆ, ಆದರೆ ಸರಾಸರಿಯಲ್ಲಿ ಅದು ಸಣ್ಣದು ಎಂದು ಅದು ತೋರಿಸಿತು. ಹಾಗಾಗಿ "ಎಲ್ಲರಿಗೂ ಒಳ್ಳೆಯದಾಗುತ್ತದೆ" ಎಂಬ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಕೆಲವರಿಗೆ ಚೆನ್ನಾಗಿ ಆಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ತೊಂದರೆಯೂ ಆಗುತ್ತದೆ. ದಿನಾ ಬರೆಯಲೇಬೇಕು ಎಂಬ ನಿಯಮವಂತೂ ಎಲ್ಲೂ ಇಲ್ಲ.

ಇನ್ನು "ಒಳಗಿರೋದನ್ನ ಕಕ್ಕಿಬಿಡು, ಹಗುರಾಗುತ್ತೆ" ಎಂಬ ಮಾತು. ನಮ್ಮಲ್ಲಿ ಇದನ್ನು ನಂಬದವರೇ ಇಲ್ಲ. 2002ರಲ್ಲಿ ಬ್ರಾಡ್ ಬುಶ್‌ಮನ್ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಸಿಟ್ಟು ಬರಿಸಿದವರ ಮುಖ ನೆನೆಸಿಕೊಂಡು ಚೀಲಕ್ಕೆ ಗುದ್ದಿದ ವಿದ್ಯಾರ್ಥಿಗಳ ಸಿಟ್ಟು ಇಳಿಯಲಿಲ್ಲ, ಏರಿತು. ಸುಮ್ಮನೆ ಎರಡು ನಿಮಿಷ ಕೂತವರು ಅವರಿಗಿಂತ ತಣ್ಣಗಿದ್ದರು. ಚೀಲದ ಬದಲು ಪುಟಕ್ಕೆ ಗುದ್ದಿದರೂ ಫಲ ಬೇರೆಯಾಗುವುದಿಲ್ಲ ಎಂಬುದು ನನ್ನ ಅನುಭವ.

ನಿಮಗೆ ಆಗಿರುವುದನ್ನು ಮನಶ್ಶಾಸ್ತ್ರದಲ್ಲಿ ಮೆಲುಕು ಹಾಕುವ ಚಿಂತನೆ ಎನ್ನುತ್ತೇವೆ. ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಸಂಶೋಧಕಿ ಬದುಕಿಡೀ ಇದನ್ನೇ ಅಧ್ಯಯನ ಮಾಡಿದರು. ಒಂದೇ ನೋವನ್ನು "ಯಾಕೆ ನನಗೆ ಹೀಗೆ, ಯಾಕೆ ಯಾವಾಗಲೂ ನನಗೇ" ಎಂದು ತಿರುಗಿಸಿ ಮುರುಗಿಸಿ ನೋಡುತ್ತಿದ್ದರೆ ಖಿನ್ನತೆ ಹೆಚ್ಚು ದಿನ ಉಳಿಯುತ್ತದೆ ಎಂದು ಅವರು ತೋರಿಸಿದರು. ಯೋಚನೆ ಮಾಡುತ್ತಿದ್ದೇನೆ, ಪರಿಹಾರ ಹುಡುಕುತ್ತಿದ್ದೇನೆ ಎಂದು ಅನ್ನಿಸುತ್ತಿರುತ್ತದೆ. ನಿಜಕ್ಕೂ ಮನಸ್ಸು ಅದೇ ಜಾಗದಲ್ಲಿ ಸುತ್ತುತ್ತಿರುತ್ತದೆ. ಗೃಹಪ್ರವೇಶದ ಆ ಒಂದು ಮಾತನ್ನು ನೀವು ಪ್ರತಿ ಸಲ ಬರೆದಾಗಲೂ ಅದು ಮತ್ತೆ ಹೊಸದಾಗಿ ನಡೆದ ಹಾಗೆ ಮೈ-ಮನಸ್ಸಿಗೆ ತಟ್ಟಿದೆ.

ನಿಮ್ಮ ನೋಟ್‌ಬುಕ್ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗಾಗಿದೆ. ಯಾರು ಯಾವ ತಾರೀಕಿಗೆ ಎಷ್ಟು ನೋಯಿಸಿದರು ಎಂಬುದು ಪುಟಪುಟಕ್ಕೂ ಇದೆ. ಬಾಕಿ ಬೆಳೆಯುತ್ತಿದೆ, ವಸೂಲಿ ಆಗುತ್ತಿಲ್ಲ. ಜಗಳ ಬಂದಾಗ ನೀವು ಆ ಪುಸ್ತಕ ತೆರೆಯುತ್ತೀರಿ. ಎದುರಿಗಿರುವವರಿಗೆ ಇವತ್ತಿನ ಮಾತಿಗೆ ಉತ್ತರ ಕೊಡುವ ಬದಲು ಸಂಕ್ರಾಂತಿಯ ಬಾಕಿಗೂ ಉತ್ತರ ಕೊಡಬೇಕಾಗುತ್ತದೆ. ಯಜಮಾನರು "ಕೇಸ್" ಎಂಬ ಪದ ಬಳಸಿದ್ದು ಅದಕ್ಕೇ ಇರಬೇಕು.

ಹಾಗಾದರೆ ಬರೆಯುವುದನ್ನೇ ಬಿಡಬೇಕಾ? ಬಿಡಬಹುದು, ಅದೂ ಒಂದು ದಾರಿ. ಆದರೆ ನೀವು ಬರೆಯಬಲ್ಲವರು. ಬರೆಯುವ ರೀತಿ ಬದಲಿಸಿ ಒಂದು ಸಲ ನೋಡಿ ಎಂದು ನಾನು ಹೇಳುತ್ತೇನೆ. ಅದಕ್ಕೆ ಗಟ್ಟಿ ಆಧಾರ ಇದೆ.

ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಲೈ ಫಿಂಕೆಲ್ ಮತ್ತು ಜೊತೆಯವರು 2013ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಇಷ್ಟ. ಶಿಕಾಗೊ ಸುತ್ತಮುತ್ತಲಿನ 120 ದಂಪತಿಗಳನ್ನು ಎರಡು ವರ್ಷ ಗಮನಿಸಿದರು. ನಾಲ್ಕು ತಿಂಗಳಿಗೊಮ್ಮೆ ತಮ್ಮ ನಡುವಿನ ದೊಡ್ಡ ಜಗಳ ಯಾವುದು ಎಂದು ಎಲ್ಲರೂ ಬರೆದುಕೊಡಬೇಕಿತ್ತು. ಮೊದಲ ವರ್ಷ ಎಲ್ಲರ ದಾಂಪತ್ಯದ ಸಂತೋಷವೂ ಸ್ವಲ್ಪ ಸ್ವಲ್ಪ ಇಳಿಯಿತು. ಎರಡನೇ ವರ್ಷ ಅರ್ಧದಷ್ಟು ಜೋಡಿಗಳಿಗೆ ಹೆಚ್ಚುವರಿಯಾಗಿ ಏಳು ನಿಮಿಷದ ಬರವಣಿಗೆ ಕೊಟ್ಟರು. ಅವರು ಉತ್ತರ ಬರೆಯಬೇಕಿದ್ದ ಪ್ರಶ್ನೆಗಳು ಇವು. ಎಲ್ಲರ ಒಳಿತನ್ನೂ ಬಯಸುವ ಮೂರನೆಯ ವ್ಯಕ್ತಿಯೊಬ್ಬರು ಈ ಜಗಳವನ್ನು ನೋಡಿದ್ದರೆ ಅವರಿಗೆ ಏನು ಕಾಣುತ್ತಿತ್ತು? ಇದರಲ್ಲಿ ಒಳ್ಳೆಯದೇನಾದರೂ ಅವರಿಗೆ ಕಾಣುತ್ತಿತ್ತಾ? ಜಗಳದ ನಡುವೆ ಹಾಗೆ ನೋಡಲು ನಿಮಗೆ ಅಡ್ಡ ಬರುವುದೇನು? ಅದನ್ನು ದಾಟುವುದು ಹೇಗೆ? ಇಡೀ ವರ್ಷದಲ್ಲಿ ಮೂರು ಸಲ, ಒಟ್ಟು 21 ನಿಮಿಷ. ಬರೆಯದ ಜೋಡಿಗಳ ಇಳಿಜಾರು ಮುಂದುವರಿಯಿತು. ಬರೆದವರದು ಅಲ್ಲಿಗೇ ನಿಂತಿತು.

ನಿಮ್ಮ ಕೊನೆಯ ಪ್ರಶ್ನೆಗೆ ಸಂಬಂಧಿಸಿದ ವಿಷಯವೂ ಇದರಲ್ಲೇ ಇದೆ. ಬರೆದ ಜೋಡಿಗಳಲ್ಲಿ ಜಗಳಗಳ ಸಂಖ್ಯೆ ಕಡಿಮೆಯಾಗಲಿಲ್ಲ. ಜಗಳದ ವಿಷಯಗಳೂ ಅಷ್ಟೇ ಗಂಭೀರವಾಗಿದ್ದವು. ಕಡಿಮೆಯಾದದ್ದು ಆ ಜಗಳಗಳಿಂದ ಆಗುತ್ತಿದ್ದ ಸಂಕಟ. ಸಿಯಾಟಲ್‌ನ ಜಾನ್ ಗಾಟ್‌ಮನ್ ಹತ್ತಾರು ವರ್ಷ ದಂಪತಿಗಳ ಮಾತುಕತೆ ಗಮನಿಸಿದವರು. ಗಂಡ ಹೆಂಡತಿ ನಡುವಿನ ಭಿನ್ನಾಭಿಪ್ರಾಯಗಳಲ್ಲಿ ಸುಮಾರು 69 ಶೇಕಡಾ ಕೊನೆತನಕ ಬಗೆಹರಿಯುವುದೇ ಇಲ್ಲ ಎಂದು ಅವರು ಹೇಳುತ್ತಾರೆ. ಸ್ವಭಾವ, ದುಡ್ಡು, ಅವರವರ ಅಪ್ಪ-ಅಮ್ಮ, ಮಕ್ಕಳ ಓದು. ಚೆನ್ನಾಗಿ ಬಾಳುವವರೂ ಅದೇ ಜಗಳಗಳನ್ನು ಆಡುತ್ತಲೇ ಇರುತ್ತಾರೆ, ಆದರೆ ಒಬ್ಬರನ್ನೊಬ್ಬರು ತುಳಿಯದೆ ಆಡುತ್ತಾರೆ. ಆದ್ದರಿಂದ ಜಗಳವೇ ಇಲ್ಲದ ಮನೆಯನ್ನು ಗುರಿ ಮಾಡಿಕೊಳ್ಳಬೇಡಿ. ಹಾಗೆ ಮಾಡಿದರೆ ಪ್ರತಿ ಸಣ್ಣ ಮಾತೂ ನಿಮ್ಮ ಸೋಲಿನ ಹಾಗೆ ಕಾಣುತ್ತದೆ. ಅದೂ ಅಲ್ಲದೆ, ಸದ್ದೇ ಇಲ್ಲದ ಮನೆಗಳಲ್ಲಿ ಯಾರೋ ಒಬ್ಬರು ಬಾಯಿ ಮುಚ್ಚಿಕೊಂಡು ನುಂಗುತ್ತಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೆಚ್ಚಾಗಿ ಅದು ಸೊಸೆ.

ಇಲ್ಲಿ ಒಂದು ಎಚ್ಚರಿಕೆ. ಶಿಕಾಗೊದ ಜೋಡಿಗಳಿಗೆ ಮೂರನೆಯ ವ್ಯಕ್ತಿ ಎಂದರೆ ಏನೋ ಒಂದು ಅರ್ಥವಾಯಿತು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ "ಹೊರಗಿನವರ ಕಣ್ಣಿಂದ ನೋಡಿ" ಎಂದರೆ ತಕ್ಷಣ ನೆನಪಾಗುವುದು "ನಾಲ್ಕು ಜನ ಏನಂದಾರು" ಎಂಬ ಮಾತು. ಆ ನಾಲ್ಕು ಜನರ ಕಣ್ಣು ತಪ್ಪು ಹುಡುಕುವ ಕಣ್ಣು. ಆ ಕಣ್ಣಿಂದ ಬರೆದರೆ ಪುಟದ ಕೊನೆಗೆ "ನಾನೇ ಹೊಂದಿಕೊಂಡು ಹೋಗಬೇಕಿತ್ತು" ಎಂದೇ ಬರುತ್ತದೆ. ಅದು ನಮಗೆ ಬೇಡ. ನಿಮ್ಮನ್ನೂ ಯಜಮಾನರನ್ನೂ ಇಬ್ಬರನ್ನೂ ಪ್ರೀತಿಸುವ, ಆದರೆ ಯಾರ ಮುಲಾಜಿಗೂ ಬೀಳದ ಒಬ್ಬರನ್ನು ಆರಿಸಿಕೊಳ್ಳಿ. ಚಿಕ್ಕಮ್ಮ ಇರಬಹುದು, ನಿಮಗೆ ಪಾಠ ಹೇಳಿದ ಮೇಷ್ಟ್ರು ಇರಬಹುದು, ತೀರಿಕೊಂಡ ಅಜ್ಜಿಯೂ ಆಗಬಹುದು. ಅವರು ನಿಮ್ಮ ನೋವನ್ನೂ ನೋಡಬೇಕು, ಯಜಮಾನರ ಕಷ್ಟವನ್ನೂ ನೋಡಬೇಕು.

ಗೃಹಪ್ರವೇಶದ ಸಂಗತಿಯನ್ನೇ ತೆಗೆದುಕೊಳ್ಳೋಣ. ಈಗ ನೀವು ಬರೆಯುತ್ತಿರುವುದು ಬಹುಶಃ ಹೀಗಿರುತ್ತದೆ: "ಇವತ್ತೂ ಅದೇ ನೆನಪು. ನಾನು ಯಾವತ್ತೂ ಇವರ ಲೆಕ್ಕಕ್ಕೇ ಇಲ್ಲ. ಅತ್ತೆ ಏನಂದರೂ ನಗುತ್ತಾರೆ. ಇಷ್ಟು ವರ್ಷ ದುಡಿದದ್ದು ಯಾರಿಗೋಸ್ಕರ?" ಇದರಲ್ಲಿ ನೋವಿದೆ, ನಿಜವಾದ ನೋವು. ಆದರೆ ಯಾವತ್ತೂ, ಏನಂದರೂ, ಯಾರಿಗೋಸ್ಕರ ಎಂಬ ಪದಗಳೇ ಪುಟ ತುಂಬಿವೆ. ಅವತ್ತು ಏನು ನಡೆಯಿತು ಎಂಬುದೇ ಇಲ್ಲ.

ಬೇರೆ ರೀತಿ ಹೀಗೆ ಬರೆಯಬಹುದು. ವಿವರಗಳು ನನ್ನ ಊಹೆ, ನಿಮ್ಮವನ್ನು ನೀವು ಹಾಕಿಕೊಳ್ಳಿ: "ಊಟದ ಹೊತ್ತಿಗೆ ಅತ್ತೆ ಆ ಮಾತು ಅಂದರು. ಸುತ್ತ ಐದಾರು ಜನ ಇದ್ದರು. ಇವರು ನಕ್ಕರು. ನನ್ನ ಮುಖ ಬಿಸಿಯಾಯಿತು. ಮೊದಲು ಆದದ್ದು ಅವಮಾನ, ಸಿಟ್ಟು ಬಂದದ್ದು ಮನೆಗೆ ಬಂದ ಮೇಲೆ. ಬೆಳಗ್ಗೆ ಐದಕ್ಕೆ ಎದ್ದು ಎಲ್ಲರ ತಿಂಡಿ ಮುಗಿಸಿ ಹೋಗಿದ್ದೆ, ಅದನ್ನು ಇವರಾದರೂ ಹೇಳಬಹುದಿತ್ತು ಅನ್ನಿಸಿತು. ಚಿಕ್ಕಮ್ಮ ಅಲ್ಲಿ ಇದ್ದಿದ್ದರೆ? ನನಗೆ ನೋವಾದದ್ದು ಅವರಿಗೆ ಕಾಣುತ್ತಿತ್ತು. ಇವರು ತಾಯಿಯ ಮಾತಿಗೂ ನನ್ನ ಮುಖಕ್ಕೂ ನಡುವೆ ಸಿಕ್ಕಿಬಿದ್ದು, ಏನೂ ತೋಚದೆ ನಕ್ಕಿರಬಹುದು ಎಂಬುದೂ ಕಾಣುತ್ತಿತ್ತು. ನನಗೆ ಬೇಕಿರುವುದು ಇಷ್ಟೇ, ಜನರ ಎದುರು ಇವರು ನನ್ನ ಪರವಾಗಿ ಒಂದು ಮಾತು ಆಡಬೇಕು."

ಎರಡನ್ನೂ ಇನ್ನೊಮ್ಮೆ ಓದಿ. ಎರಡನೆಯದರಲ್ಲಿ ನಡೆದದ್ದು ಇದೆ, ಭಾವನೆ ಇದೆ, ಇನ್ನೊಬ್ಬರ ಕಣ್ಣು ಇದೆ, ಕೊನೆಗೆ ಒಂದು ಬೇಡಿಕೆ ಇದೆ. ಬರೆಯುವುದನ್ನು ಅಲ್ಲಿಗೆ ನಿಲ್ಲಿಸಬೇಕು. ಪೆನ್ನೆಬೇಕರ್ ಆಮೇಲಿನ ವರ್ಷಗಳಲ್ಲಿ ಜನ ಬರೆದ ಪುಟಗಳ ಪದಗಳನ್ನೇ ಎಣಿಸಿ ನೋಡಿದರು. ದಿನ ಕಳೆದಂತೆ "ಏಕೆಂದರೆ", "ಈಗ ಅರ್ಥವಾಯಿತು" ಎಂಬಂಥ ಪದಗಳು ಹೆಚ್ಚಾದವರು ಸುಧಾರಿಸಿದರು. "ನಾನು" ಎಂಬುದರಿಂದ "ಅವರು" ಕಡೆಗೂ, ಅಲ್ಲಿಂದ ಮತ್ತೆ "ನಾನು" ಕಡೆಗೂ ಓಡಾಡಿದವರೂ ಅಷ್ಟೇ.

ಭಾವನೆಗೆ ಸರಿಯಾದ ಹೆಸರು ಕೊಡುವುದಕ್ಕೂ ಬೆಲೆ ಇದೆ. ನಾವು ಎಲ್ಲವನ್ನೂ ಸಿಟ್ಟು ಅಥವಾ ಬೇಜಾರು ಎಂದುಬಿಡುತ್ತೇವೆ. ಅದರ ಕೆಳಗೆ ಅವಮಾನ ಇರಬಹುದು, ಭಯ, ದಣಿವು, ಒಂಟಿತನ, ನಾದಿನಿಯ ಹೊಸ ಮನೆ ನೋಡಿ ಆದ ಸಣ್ಣ ಹೊಟ್ಟೆಕಿಚ್ಚೂ ಇರಬಹುದು. ನಿಮ್ಮ ಪುಟ ಯಾರಿಗೂ ತೋರಿಸಲಿಕ್ಕಲ್ಲ, ಹಾಗಾಗಿ ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ. ಭಾವನೆಗೆ ಹೆಸರಿಟ್ಟಾಗ ಮೆದುಳಿನ ಅಮಿಗ್ಡಲಾ ಎಂಬ ಭಾಗದ ಉದ್ವೇಗ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ಅವರ ತಂಡ 2007ರಲ್ಲಿ ಸ್ಕ್ಯಾನ್‌ಗಳಲ್ಲಿ ಕಂಡಿತು.

ರಾತ್ರಿ ಹೊತ್ತು ಬರೆಯಬೇಡಿ. ಶಾಲೆ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಹತ್ತು-ಹದಿನೈದು ನಿಮಿಷ ಸಿಕ್ಕರೆ ಅದೇ ಒಳ್ಳೆಯ ಹೊತ್ತು. ವಾರಕ್ಕೆ ಒಂದೆರಡು ಸಲ ಸಾಕು. ಏನೂ ನಡೆಯದ ವಾರ ಬರೆಯಲೇಬೇಡಿ. ಒಂದು ಘಟನೆಯನ್ನು ಮೂರು-ನಾಲ್ಕು ಸಲಕ್ಕಿಂತ ಹೆಚ್ಚು ಬರೆಯಬೇಡಿ. ನಾಲ್ಕನೇ ಸಲವೂ ಹೊಸ ಮಾತೊಂದು ಹುಟ್ಟಲಿಲ್ಲ ಎಂದರೆ ಪೆನ್ನು ಇಟ್ಟು, ಯಾರಾದರೂ ಗೆಳತಿಯ ಜೊತೆ ನಡೆದುಕೊಂಡು ಬನ್ನಿ. ಮಲಗುವ ಮುಂಚೆ ಬರೆಯುವ ಅಭ್ಯಾಸ ಬಿಡಲು ಆಗದಿದ್ದರೆ ನಾಳೆಯ ಕೆಲಸಗಳ ಪಟ್ಟಿ ಬರೆಯಿರಿ. ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಾಗೆ ಐದು ನಿಮಿಷ ಪಟ್ಟಿ ಬರೆದವರಿಗೆ ಆಗಿಹೋದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆ ಹತ್ತಿತು.

ಈಗ ತೀರಾ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಡೈರಿ ನಿಮ್ಮ ಪರವಾಗಿ ಮಾತಾಡುವುದಿಲ್ಲ. ಎರಡು ನೋಟ್‌ಬುಕ್ ತುಂಬಾ ಬರೆದಿದ್ದೀರಿ. ಅದರಲ್ಲಿ ಎಷ್ಟು ವಾಕ್ಯ ಯಜಮಾನರ ಕಿವಿಗೆ ಸಮಾಧಾನದ ಹೊತ್ತಿನಲ್ಲಿ ಬಿದ್ದಿದೆ? ಪುಟದ ಕೊನೆಗೆ ಬಂದ ಬೇಡಿಕೆಯನ್ನು ಬಾಯಲ್ಲಿ ಹೇಳಬೇಕು. ಒಂದೇ ಘಟನೆ, ಒಂದೇ ಬೇಡಿಕೆ: "ಅವತ್ತು ಅತ್ತಿ ಹಂಗ ಅಂದಾಗ ನೀವು ನಕ್ಕಿದ್ದು ನನಗ ಭಾಳ ನೋವಾತು. ಇನ್ನೊಮ್ಮೆ ಹಂಗ ಆದ್ರ 'ಇಲ್ಲವ್ವ, ಎಲ್ಲಾ ಅಕಿನ ಮಾಡ್ತಾಳ' ಅಂತ ಒಂದು ಮಾತು ಅಂತೀರೇನು?" ಸಂಕ್ರಾಂತಿ ಬೇಡ, ತಾರೀಕು ಬೇಡ. ಹೊತ್ತು ನೋಡಿಕೊಳ್ಳಿ. ಮುಂಗಾರು ಬಿತ್ತನೆಯ ದಿನಗಳಲ್ಲಿ ಬೀಜದಂಗಡಿಯಿಂದ ಸುಸ್ತಾಗಿ ಬಂದ ಮನುಷ್ಯನಿಗೆ ಊಟಕ್ಕೆ ಮುಂಚೆ ಇದನ್ನು ಹೇಳಿದರೆ ಇನ್ನೊಂದು ಜಗಳವೇ ಗತಿ. ಅವರು ಒಪ್ಪುತ್ತಾರೆ ಎಂಬ ಖಾತ್ರಿಯನ್ನು ನಾನು ಕೊಡಲಾರೆ. "ಅದನ್ನೇನು ದೊಡ್ಡದು ಮಾಡ್ತೀ" ಎನ್ನಬಹುದು. ಆದರೂ ನಿಮಗೆ ಬೇಕಾದದ್ದೇನು ಎಂದು ಅವರಿಗೆ ಸ್ಪಷ್ಟವಾಗಿ ಗೊತ್ತಾಗಿರುತ್ತದೆ. ಇಲ್ಲಿಯವರೆಗೆ ಅದು ಗೊತ್ತಿಲ್ಲದಿರುವ ಸಾಧ್ಯತೆಯೇ ಹೆಚ್ಚು.

ಅವರು ನೋಟ್‌ಬುಕ್ ಓದಿದ್ದು ತಪ್ಪು. ಗಂಡನಾದರೂ ಕೇಳದೆ ಓದಬಾರದಿತ್ತು. ಅದನ್ನು ಹೇಳುವ ಹಕ್ಕು ನಿಮಗಿದೆ. ಜೊತೆಗೆ, ಅವರು ಓದಿದ್ದು ನಿಮ್ಮ ತೀರಾ ಕೆಟ್ಟ ಗಳಿಗೆಗಳ ಬರಹ. ಒಳ್ಳೆಯ ದಿನಗಳಲ್ಲಿ ನೀವು ಅವರ ಬಗ್ಗೆ ಏನೂ ಬರೆದಿರಲಿಕ್ಕಿಲ್ಲ. ಹೆಂಡತಿಯ ಮನಸ್ಸಿನಲ್ಲಿ ತಾನು ಇಷ್ಟೇನಾ ಎಂದು ಅವರಿಗೆ ಅನ್ನಿಸಿರಬಹುದು. ಮಾತು ಮೊದಲು ಇಲ್ಲಿಂದಲೇ ಶುರುವಾಗಲಿ: "ಅದನ್ನ ಸಿಟ್ಟಿನಾಗ ಬರದಿದ್ದೆ, ನಿಮ್ಮ ಬಗ್ಗೆ ನನಗ ಇರೋದು ಅಷ್ಟ ಅಲ್ಲ. ಆದ್ರ ನೀವು ಹೇಳದ ಓದಿದ್ದು ನನಗ ಸರಿ ಅನಸಲಿಲ್ಲ." ಎರಡೂ ವಾಕ್ಯ ಬೇಕು. ಮೊದಲನೆಯದನ್ನು ಮಾತ್ರ ಹೇಳಿದರೆ ಕ್ಷಮೆ ಕೇಳಿದ ಹಾಗಾಗುತ್ತದೆ, ಎರಡನೆಯದನ್ನು ಮಾತ್ರ ಹೇಳಿದರೆ ಮತ್ತೆ ಆರೋಪ. ಗೃಹಪ್ರವೇಶದ ಬೇಡಿಕೆಯನ್ನು ಅದೇ ದಿನ ಸೇರಿಸಬೇಡಿ. ಮನೆಯಲ್ಲಿ ಮಾತು ಸರಿಹೋಗಲಿ, ಆಮೇಲೆ.

ಆ ಎರಡು ನೋಟ್‌ಬುಕ್‌ಗಳ ವಿಷಯ. ಸುಡುವುದರಿಂದ ಅಪಾಯವೇನೂ ಇಲ್ಲ, ಆದರೆ ಸಿಟ್ಟಿನಲ್ಲಿ ಸುಟ್ಟವರು ಆಮೇಲೆ ಮರುಗುವುದುಂಟು. ಸದ್ಯ ಒಂದು ಕವರಿನಲ್ಲಿ ಹಾಕಿ ಅಂಟಿಸಿ, ಬೀರುವಿನಲ್ಲಿ ಬೀಗ ಹಾಕಿಡಿ. ತೆಗೆದು ಓದಬೇಡಿ. ಎರಡು ತಿಂಗಳಾದ ಮೇಲೆ ಬೇಡ ಅನ್ನಿಸಿದರೆ ಹರಿದು ಹಾಕಿ. ಇನ್ನು ಮುಂದೆ ಬಿಡಿ ಹಾಳೆಯಲ್ಲಿ ಬರೆಯಿರಿ. ಕೊನೆಯ ಒಂದು ವಾಕ್ಯ ಮಾತ್ರ ನೆನಪಿಟ್ಟುಕೊಂಡು ಹಾಳೆ ಹರಿದುಬಿಡಿ. ಫೋನಿನಲ್ಲಿ ಬರೆದರೆ ಲಾಕ್ ಇರುತ್ತದೆ ನಿಜ, ಆದರೆ ಸಿಟ್ಟಿನಲ್ಲಿ ಅದನ್ನೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿಬಿಡುವುದೂ ಅಷ್ಟೇ ಸುಲಭ.

ಇದೇ ಕಷ್ಟದಲ್ಲಿರುವ ಬೇರೆ ಓದುಗರಿಗೂ ಒಂದು ಮಾತು ಹೇಳಬೇಕು. ಮನೆಯಲ್ಲಿ ಹೊಡೆತ, ಬೆದರಿಕೆ, ದುಡ್ಡು ಕಿತ್ತುಕೊಳ್ಳುವುದು, ಹೊರಗೆ ಹೋಗಲು ಬಿಡದಿರುವುದು ಇದ್ದರೆ ನಾನು ಮೇಲೆ ಹೇಳಿದ ಯಾವುದೂ ಅನ್ವಯಿಸುವುದಿಲ್ಲ. ಹೊಡೆಯುವವರ ಕಷ್ಟವನ್ನು ಅವರ ಕಣ್ಣಿಂದ ನೋಡುತ್ತಾ ಕೂರಬೇಡಿ. ಅಂಥ ಕಡೆ ತಾರೀಕು ಸಮೇತ ಬರೆದಿಡುವುದೇ ಸರಿ, ಮನೆಯವರ ಕೈಗೆ ಸಿಗದ ಜಾಗದಲ್ಲಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ದೂರು ಕೊಡುವಾಗ ಅದು ವಕೀಲರಿಗೆ ಉಪಯೋಗಕ್ಕೆ ಬರುತ್ತದೆ. ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100.

ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಆದರೆ ನಿದ್ದೆಯ ವಿಷಯ ನನಗೆ ಚಿಂತೆ ತಂದಿದೆ. ರಾತ್ರಿ ಬರೆಯುವುದನ್ನು ನಿಲ್ಲಿಸಿ ಎರಡು ವಾರವಾದರೂ ನಿದ್ದೆ ಸರಿಹೋಗದಿದ್ದರೆ, ಊಟ ರುಚಿಸದಿದ್ದರೆ, ಪಾಠ ಮಾಡುವಾಗಲೂ ಮನಸ್ಸು ನಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ನಿಮ್ಮ ವಯಸ್ಸಿನಲ್ಲಿ ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಿ. ಈ ಎರಡರಿಂದಲೂ ಸುಸ್ತು, ಸಿಡುಕು ಬರುತ್ತದೆ. ಬದುಕು ಬೇಡ ಎಂಬ ಯೋಚನೆ ಒಂದು ಸಲ ಬಂದರೂ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಯಜಮಾನರು ಒಪ್ಪಿದರೆ ಇಬ್ಬರೂ ಸೇರಿ ಆಪ್ತಸಮಾಲೋಚಕರ ಬಳಿ ಹೋಗುವುದು ಎಲ್ಲಕ್ಕಿಂತ ಬೇಗ ಫಲ ಕೊಡುವ ದಾರಿ. ಅವರು ಬರದಿದ್ದರೆ ನೀವೊಬ್ಬರೇ ಹೋಗಿ, ಅದೂ ಉಪಯೋಗವೇ. ಹೊಸ ರೀತಿಯ ಬರವಣಿಗೆಗೆ ಎರಡು ತಿಂಗಳು ಸಮಯ ಕೊಡಿ. ಅಷ್ಟರಲ್ಲಿ ನಿದ್ದೆ ಸುಧಾರಿಸಿದೆಯಾ, ಜಗಳದಲ್ಲಿ ಹಳೆಯ ತಾರೀಕು ಎತ್ತುವುದು ಕಡಿಮೆಯಾಗಿದೆಯಾ ಎಂದು ನೋಡಿಕೊಳ್ಳಿ. ಎರಡೂ ಆಗಿರದಿದ್ದರೆ ಬರೆಯುವುದನ್ನು ಪೂರ್ತಿ ನಿಲ್ಲಿಸಿ, ನನಗೆ ಇನ್ನೊಂದು ಪತ್ರ ಬರೆಯಿರಿ.